ಕಾರವಾರದಲ್ಲಿ 9.81 ಎಲ್ಲಿ ಸಿಕ್ತು? ಮೊದಲ ವರ್ಷದ ಫಿಸಿಕ್ಸು, ಲ್ಯಾಬು ದಾಟುವ ದಾರಿ

ಡಿಗ್ರಿಯಲ್ಲಿ ನಾನು ಮಾಡಿದ ಮೊದಲ ಪ್ರಾಕ್ಟಿಕಲ್ಲು ಸರಳ ಲೋಲಕದ್ದು. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವುದು, ಸಮಯ ನೋಡುವುದು, ‘ಜಿ’ ಎಷ್ಟು, ಅಂದರೆ ಭೂಮಿಯ ಎಳೆತಕ್ಕೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಮೀಟರ್‌ನಂತೆ ಏರುತ್ತದೆ ಅಂತ ಲೆಕ್ಕ ಹಾಕುವುದು. ನನಗೆ 10.8 ಬಂತು. ಅಕ್ಕಪಕ್ಕದ ಟೇಬಲ್ಲಿನವರಿಗೆಲ್ಲ 9.81. ಬೆವರು ಇಳಿಯಿತು. ಬ್ಲೇಡಿನಿಂದ ಮೆಲ್ಲಗೆ ಶಾಯಿ ಕೆರೆದೆ, ಎರಡು ರೀಡಿಂಗ್ ತಿದ್ದಿದೆ, ನಾನೂ 9.81 ಮಾಡಿದೆ. ಸರ್ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೆರೆದ ಜಾಗ ತೆಳ್ಳಗೆ ಹೊಳೆಯಿತು. ಬೈಯಲಿಲ್ಲ. ‘ಕಾರವಾರದಲ್ಲಿ 9.81 ಎಲ್ಲಿ ಸಿಕ್ತು ತಮಾ ನಿಂಗೆ?’ ಅಂದರು, ಅಷ್ಟೇ.

ಅವರು ಏನು ಕೇಳಿದರು ಅಂತ ಆಗ ತಿಳಿಯಲಿಲ್ಲ. ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ, ನಡುವೆ ಉಬ್ಬು. ಜೊತೆಗೆ ತಿರುಗುತ್ತಲೂ ಇದೆ. ಹಾಗಾಗಿ ಜಿ ಎಲ್ಲ ಕಡೆ ಒಂದೇ ಅಲ್ಲ. ಧ್ರುವದಲ್ಲಿ 9.83, ಭೂಮಧ್ಯರೇಖೆಯಲ್ಲಿ 9.78. ನಮ್ಮ ಕಾರವಾರ ಇರುವುದು 15 ಡಿಗ್ರಿ ಅಕ್ಷಾಂಶದ ಹತ್ತಿರ, ಸಮುದ್ರದ ಮಟ್ಟದಲ್ಲಿ. ಇಲ್ಲಿ ಜಿ ಸುಮಾರು 9.78. ಎಲ್ಲರೂ ಬರೆಯುವ 9.81 ಯುರೋಪಿನ ಕಡೆಯ ಬೆಲೆ. ಅಂದರೆ ನಾನು ಸುಳ್ಳು ಹೇಳಿದ್ದಷ್ಟೇ ಅಲ್ಲ, ಬೇರೆ ಊರಿನ ಸುಳ್ಳು ಹೇಳಿದ್ದೆ.

ಈಗ ನಾನೇ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಬರುವವರಲ್ಲಿ ಎರಡು ಥರ. ಒಂದು, ಇಲ್ಲೇ ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆ ಡಿಗ್ರಿ ಮೊದಲ ವರ್ಷದಲ್ಲಿ ಫಿಸಿಕ್ಸ್ ತೆಗೆದುಕೊಂಡವರು. ಇನ್ನೊಂದು, ಬಯಾಲಜಿಯೋ ಫಾರ್ಮಸಿಯೋ ಓದಲು ಅಮೆರಿಕಕ್ಕೆ ಹೊರಟವರು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಫಿಸಿಕ್ಸು ಸಾಮಾನ್ಯವಾಗಿ ಎರಡು ದಾರಿ. ಎಂಜಿನಿಯರಿಂಗ್‌ನವರಿಗೆ ಕ್ಯಾಲ್ಕುಲಸ್ ಇರುವುದು, ಉಳಿದವರಿಗೆ ಬರೀ ಬೀಜಗಣಿತದ್ದು. ಬೀಜಗಣಿತದ್ದು ಹೆಚ್ಚಾಗಿ ಎರಡು ಸೆಮಿಸ್ಟರ್: ಮೊದಲನೆಯದರಲ್ಲಿ ಚಲನೆ, ಬಲ, ಶಕ್ತಿ, ದ್ರವ, ಅಲೆ, ಶಾಖ, ಎರಡನೆಯದರಲ್ಲಿ ವಿದ್ಯುತ್ತು, ಅಯಸ್ಕಾಂತ, ಬೆಳಕು. ಜೊತೆಗೆ ವಾರಕ್ಕೊಂದು ಲ್ಯಾಬು. ಇಬ್ಬರಿಗೂ ನಾನು ಹೇಳುವುದು ಹೆಚ್ಚುಕಡಿಮೆ ಒಂದೇ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ಹಂತ: ಕ್ಲಾಸು ಶುರುವಾಗುವ ಮೊದಲಿನ ಹದಿನೈದು ದಿನ

‘ಕ್ಯಾಲ್ಕುಲಸ್ ಇಲ್ಲ’ ಅಂದ ಕೂಡಲೇ ಸುಲಭ ಅಂದುಕೊಳ್ಳಬೇಡಿ. ಕ್ಯಾಲ್ಕುಲಸ್ ಇಲ್ಲದಿದ್ದರೆ ಬೀಜಗಣಿತದ ಮೇಲೆ ಭಾರ ಜಾಸ್ತಿ. ಬೇಕಾಗುವುದು ಎಸ್ಸೆಸ್ಸೆಲ್ಸಿ ಮಟ್ಟದ್ದೇ, ಆದರೆ ಕೈ ತಾನಾಗಿ ಓಡಬೇಕು. ಸಮೀಕರಣದಲ್ಲಿ ಬೇಕಾದ ಅಕ್ಷರವನ್ನು ಒಂದು ಬದಿಗೆ ತರುವುದು. ಎರಡು ಸಮೀಕರಣ ಸೇರಿಸಿ ಒಂದು ಅಕ್ಷರ ತೆಗೆಯುವುದು. 10ರ ಘಾತಗಳು. ಲಂಬಕೋನ ತ್ರಿಕೋನದಲ್ಲಿ ಸೈನ್, ಕಾಸ್, ಟ್ಯಾನ್. ನೇರ ಗೆರೆಯ ಗ್ರಾಫು, ಅದರ ಸ್ಲೋಪು. ಇಷ್ಟೇ.

ನಿಮ್ಮ ಕೈ ಹೇಗಿದೆ ನೋಡಲು ಒಂದು ಲೆಕ್ಕ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವಾಗ ಬಸ್ಸು ಸರಾಸರಿ ಗಂಟೆಗೆ 30 ಕಿಲೋಮೀಟರ್ ಓಡಿತು. ಅದೇ ದಾರಿಯಲ್ಲಿ ಘಟ್ಟ ಹತ್ತಿ ವಾಪಸ್ ಬರುವಾಗ 20. ಇಡೀ ಪ್ರಯಾಣದ ಸರಾಸರಿ ವೇಗ ಎಷ್ಟು?

25 ಅಂದಿರಾ? ಹತ್ತರಲ್ಲಿ ಎಂಟು ಜನ ಹಾಗೇ ಹೇಳುತ್ತಾರೆ. ಒಬ್ಬರು ‘ದೂರ ಕೊಟ್ಟಿಲ್ಲವಲ್ಲ ಸರ್’ ಅಂತ ಪೆನ್ನು ಕೆಳಗಿಡುತ್ತಾರೆ. ದೂರವನ್ನು ‘ಡಿ’ ಅನ್ನಿ. ಹೋಗಲು ಡಿ/30 ಗಂಟೆ, ಬರಲು ಡಿ/20 ಗಂಟೆ. ಕೂಡಿದರೆ ಡಿ/12. ಒಟ್ಟು ದೂರ 2ಡಿ. 2ಡಿಯನ್ನು ಡಿ/12ರಿಂದ ಭಾಗಿಸಿದರೆ ಡಿ ಹಾರಿಹೋಗುತ್ತದೆ, 24 ಉಳಿಯುತ್ತದೆ. ನಿಧಾನವಾಗಿ ಹೋದ ಹೊತ್ತು ಜಾಸ್ತಿ, ಅದಕ್ಕೇ ಸರಾಸರಿ 20ರ ಕಡೆ ವಾಲಿತು. ಗೊತ್ತಿಲ್ಲದ್ದಕ್ಕೆ ಒಂದು ಅಕ್ಷರ ಇಟ್ಟು ಧೈರ್ಯವಾಗಿ ಮುಂದೆ ಹೋಗುವುದು, ಅದು ತಾನಾಗಿ ಹಾರಿಹೋಗುತ್ತದೋ ನೋಡುವುದು. ಈ ಕೋರ್ಸಿನ ಅರ್ಧ ಕೆಲಸ ಇದೇ.

ಇನ್ನು ಮಾತಿನ ತೊಂದರೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಂಡದ್ದು ಬೇರೆ. ತೊಂದರೆ ಇರುವುದು ನಮಗೆ ಮೊದಲೇ ಗೊತ್ತಿರುವ ಕನ್ನಡದ ಪದಗಳಲ್ಲಿ. ‘ಶಕ್ತಿ’ ತಗೊಳ್ಳಿ. ತೋಳಿನ ಶಕ್ತಿ, ಕರೆಂಟಿನ ಶಕ್ತಿ, ಮೋಟಾರಿನ ಶಕ್ತಿ ಅನ್ನುತ್ತೇವೆ. ಫಿಸಿಕ್ಸಿನಲ್ಲಿ ಇವು ಮೂರು ಬೇರೆ ವಸ್ತು: ಫೋರ್ಸ್ ಅಂದರೆ ಬಲ, ಎನರ್ಜಿ ಅಂದರೆ ಶಕ್ತಿ, ಪವರ್ ಅಂದರೆ ಸಾಮರ್ಥ್ಯ. ಅಳೆಯುವುದೂ ಬೇರೆ ಬೇರೆ: ನ್ಯೂಟನ್, ಜೂಲ್, ವಾಟ್. ಇನ್ನು ‘ರಾಶಿ’. ಪುಸ್ತಕದಲ್ಲಿ ಅದು ಮಾಸ್. ಶಿರಸಿ ಹುಡುಗರಿಗೆ ರಾಶಿ ಅಂದರೆ ಬೇಯಿಸಿದ ಕೆಂಪಡಿಕೆ, ಇಲ್ಲವೇ ‘ಬಹಳ’. ‘ರಾಶಿ ಮಳೆ’ ಅಂದಹಾಗೆ. ತೂಕ ಅಂದರೆ ಅಂಗಡಿಯ ಕಿಲೋ, ಫಿಸಿಕ್ಸಿನಲ್ಲಿ ಮಾತ್ರ ಅದು ನ್ಯೂಟನ್. ಒಂದು ಸಣ್ಣ ನೋಟ್‌ಬುಕ್ ಇಡಿ. ಎಡಕ್ಕೆ ಇಂಗ್ಲಿಷ್ ಪದ, ನಡುವೆ ನಿಮ್ಮ ಮಾತಿನಲ್ಲಿ ಅರ್ಥ, ಬಲಕ್ಕೆ ಯೂನಿಟ್. ಮೂವತ್ತು ನಲವತ್ತು ಪದ ಆದರೆ ಮೊದಲ ಸೆಮಿಸ್ಟರಿಗೆ ಸಾಕು.

ಎರಡನೇ ಹಂತ: ಲೆಕ್ಕ ಬಿಡಿಸುವ ಬಗೆ

ನನ್ನ ಹತ್ತಿರ ಬರುವ ಮಕ್ಕಳು ಮೊದಲು ಮಾಡುವ ಕೆಲಸ ಅಂದರೆ ಲೆಕ್ಕದಲ್ಲಿರುವ ಅಂಕಿಗಳಿಗೆ ಹೊಂದುವ ಸೂತ್ರ ಹುಡುಕುವುದು. ಬೀಗದ ಕೈ ಗೊಂಚಲು ಹಿಡಿದು ಒಂದೊಂದನ್ನೇ ಹಾಕಿ ನೋಡಿದಂತೆ. ಪಿಯುಸಿಯಲ್ಲಿ ಹೇಗೋ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಅಡಿಕೆ ತೋಟದ್ದೊಂದು ಲೆಕ್ಕ ನೋಡೋಣ. ಕೊನೆಗೌಡ, ಅಂದರೆ ಅಡಿಕೆ ಕೊಯ್ಯುವವನು, ಮರದ ತುದಿಯಲ್ಲಿ ಕೊನೆ (ಅಡಿಕೆಯ ಗೊಂಚಲು) ಕೊಯ್ದು ಹಗ್ಗದ ಮೇಲೆ ಜಾರಿ ಬಿಡುತ್ತಾನೆ. ಕೆಳಗೆ ಒಬ್ಬ ಹಗ್ಗವನ್ನು ಓರೆಯಾಗಿ ಎಳೆದು ಹಿಡಿದಿರುತ್ತಾನೆ. ಮರ 12 ಮೀಟರ್ ಎತ್ತರ, ಹಗ್ಗ 20 ಮೀಟರ್ ಉದ್ದ. ಹಗ್ಗಕ್ಕೂ ಕೊನೆಗೂ ಇರುವ ಘರ್ಷಣೆಯ ಗುಣಾಂಕ 0.5. ಕೊನೆ ಕೆಳಗಿನವನ ಕೈಗೆ ಎಷ್ಟು ವೇಗದಲ್ಲಿ ಬರುತ್ತದೆ?

ಮೊದಲು ಚಿತ್ರ. ಮರ, ಹಗ್ಗ, ನೆಲ ಸೇರಿ ಒಂದು ಲಂಬಕೋನ ತ್ರಿಕೋನ. ಹಗ್ಗ ನಿಜವಾಗಿ ಸ್ವಲ್ಪ ಜೋಲುತ್ತದೆ, ನಾವು ನೇರ ಅಂದುಕೊಳ್ಳುತ್ತೇವೆ. ಹೀಗೆ ಅಂದುಕೊಂಡದ್ದನ್ನು ಪಕ್ಕದಲ್ಲಿ ಬರೆದಿಡಿ.

ಆಮೇಲೆ ಕೊನೆಯನ್ನು ಮಾತ್ರ ಬೇರೆ ತೆಗೆದು, ಒಂದು ಚುಕ್ಕಿ ಮಾಡಿ, ಅದರ ಮೇಲೆ ಯಾರ್ಯಾರು ಬಲ ಹಾಕುತ್ತಿದ್ದಾರೆ ಅಂತ ಬಾಣ ಹಾಕಿ. ಇದಕ್ಕೆ ಫ್ರೀ ಬಾಡಿ ಡಯಾಗ್ರಾಮ್ ಅನ್ನುತ್ತಾರೆ. ಭೂಮಿ ಕೆಳಕ್ಕೆ ಎಳೆಯುತ್ತದೆ. ಹಗ್ಗ ತನಗೆ ಲಂಬವಾಗಿ ದೂಡುತ್ತದೆ. ಘರ್ಷಣೆ ಹಗ್ಗದುದ್ದಕ್ಕೆ ಮೇಲ್ಮುಖವಾಗಿ ತಡೆಯುತ್ತದೆ. ಮೂರೇ ಬಾಣ. ‘ಕೆಳಕ್ಕೆ ಜಾರುವ ಬಲ’ ಅಂತ ನಾಲ್ಕನೆಯದನ್ನು ಹಾಕುವವರು ಪ್ರತಿ ವರ್ಷ ಸಿಗುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ಅದನ್ನು ಯಾರು ಹಾಕುತ್ತಿದ್ದಾರೆ? ಹಾಕುವವರ ಹೆಸರು ಹೇಳಲು ಬರದಿದ್ದರೆ ಆ ಬಾಣ ಅಳಿಸಿ.

ಈಗ ಅಕ್ಷರ. ಕೊನೆಯ ಮಾಸ್ ‘ಎಂ’, ಎತ್ತರ ‘ಎಚ್’, ಹಗ್ಗದ ಉದ್ದ ‘ಎಲ್’, ಓರೆಯ ಕೋನ ‘ಥೀಟಾ’, ಘರ್ಷಣೆಯ ಗುಣಾಂಕ ‘ಮ್ಯೂ’. ಹಗ್ಗದ ದಿಕ್ಕಿನಲ್ಲಿ ಕೆಳಮುಖವನ್ನು ಪ್ಲಸ್ ಅನ್ನಿ. ಭೂಮಿಯ ಎಳೆತದಲ್ಲಿ ಹಗ್ಗದುದ್ದಕ್ಕೆ ಬರುವ ಪಾಲು ಎಂ ಜಿ ಸೈನ್ ಥೀಟಾ. ಹಗ್ಗ ಲಂಬವಾಗಿ ದೂಡುವುದು ಎಂ ಜಿ ಕಾಸ್ ಥೀಟಾ, ಘರ್ಷಣೆ ಅದರ ಮ್ಯೂ ಪಟ್ಟು: ಮ್ಯೂ ಎಂ ಜಿ ಕಾಸ್ ಥೀಟಾ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಎಂ ಗುಣಿಸು ವೇಗೋತ್ಕರ್ಷ (ಆಕ್ಸಿಲರೇಶನ್).

ಎಲ್ಲ ಕಡೆ ಎಂ ಇದೆ. ಹೊಡೆದು ಹಾಕಿ. ವೇಗೋತ್ಕರ್ಷ = ಜಿ (ಸೈನ್ ಥೀಟಾ − ಮ್ಯೂ ಕಾಸ್ ಥೀಟಾ).

ಇಲ್ಲಿ ಒಂದು ನಿಮಿಷ ನಿಲ್ಲಿ. ಎಂ ಹೋಯಿತು ಅಂದರೆ ಏನು? ದೊಡ್ಡ ಕೊನೆಯೂ ಸಣ್ಣ ಕೊನೆಯೂ ಒಂದೇ ವೇಗದಲ್ಲಿ ಬರುತ್ತವೆ. ಮೊದಲೇ ‘ಎಂಟು ಕಿಲೋ’ ಅಂತ ಅಂಕಿ ತುರುಕಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಇನ್ನೊಂದು: ಕಂಸದ ಒಳಗೆ ಸೊನ್ನೆ ಬಂದರೆ ಕೊನೆ ಜಾರುವುದೇ ಇಲ್ಲ. ಈ ಓರೆಗೆ ಮ್ಯೂ 0.75 ಆದರೆ ಸೊನ್ನೆ. ಆಗ ಕೆಳಗಿನವನು ಏನು ಮಾಡಬೇಕು? ಮರದ ಹತ್ತಿರ ಬಂದು ಹಗ್ಗವನ್ನು ಇನ್ನಷ್ಟು ಕಡಿದಾಗಿ ಹಿಡಿಯಬೇಕು. ತೋಟದಲ್ಲಿ ಅವರು ಮಾಡುವುದೂ ಅದನ್ನೇ, ಥೀಟಾದ ಹೆಸರು ಕೇಳದೆ.

ಅಂಕಿ ಈಗ ಹಾಕಿ, ಎಲ್ಲ ಆದ ಮೇಲೆ. ಸೈನ್ ಥೀಟಾ 12/20, ಅಂದರೆ 0.6. ಕಾಸ್ ಥೀಟಾ 0.8. ವೇಗೋತ್ಕರ್ಷ 9.78 × (0.6 − 0.4) = 1.96. ವೇಗದ ವರ್ಗ 2 × ವೇಗೋತ್ಕರ್ಷ × ಉದ್ದ, ಅಂದರೆ 2 × 1.96 × 20, ಸುಮಾರು 78. ವೇಗ ಸೆಕೆಂಡಿಗೆ 8.8 ಮೀಟರ್, ಗಂಟೆಗೆ 32 ಕಿಲೋಮೀಟರ್.

ಕಡೆಯ ಕೆಲಸ, ಉತ್ತರವನ್ನು ಅನುಮಾನದಿಂದ ನೋಡುವುದು. ಘರ್ಷಣೆಯೇ ಇಲ್ಲ ಅನ್ನಿ, ಮ್ಯೂ ಸೊನ್ನೆ. ಆಗ ವೇಗದ ವರ್ಗ 2 ಜಿ ಎಚ್ ಆಗುತ್ತದೆ. ಸುಮ್ನೆ 12 ಮೀಟರ್ ಮೇಲಿಂದ ಬಿಟ್ಟರೂ ಅದೇ ಬರಬೇಕು, ಬಂತು. ಅದರ ವೇಗ ಗಂಟೆಗೆ 55 ಕಿಲೋಮೀಟರ್. ನಮ್ಮ 32 ಅದಕ್ಕಿಂತ ಕಡಿಮೆ. ಸರಿ ಇದೆ.

ಈ ‘ಸರಿ ಇದೆಯಾ’ ನೋಡುವ ಅಭ್ಯಾಸಕ್ಕೆ ಜೋಗ ಒಳ್ಳೆಯ ಜಾಗ. 253 ಮೀಟರ್. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಕೆಳಗೆ ಮುಟ್ಟಲು 7.2 ಸೆಕೆಂಡು, ಆಗಿನ ವೇಗ ಸೆಕೆಂಡಿಗೆ 70 ಮೀಟರ್ ಚಿಲ್ಲರೆ. ಗಂಟೆಗೆ ಮಾಡಿದರೆ 253 ಕಿಲೋಮೀಟರ್! ಎತ್ತರದ ಅಂಕಿಯೇ ಮತ್ತೆ ಬಂತು. ಇದು ಬರೀ ಕಾಕತಾಳೀಯ, ಅರ್ಥ ಹುಡುಕಬೇಡಿ. ಆದರೆ ಜೋಗದಲ್ಲಿ ನಿಂತು ನೋಡಿದವರಿಗೆ ಗೊತ್ತು, ನೀರು ಅಷ್ಟು ರಭಸದಲ್ಲಿ ಬೀಳುವುದಿಲ್ಲ, ಅರ್ಧ ದಾರಿಯಲ್ಲೇ ಹೊಗೆಯಂತೆ ಹರಡುತ್ತದೆ. ಗಾಳಿಯನ್ನು ಬಿಟ್ಟದ್ದಕ್ಕೆ ದಂಡ ಎಷ್ಟು ಅಂತ ಅಲ್ಲಿ ಕಣ್ಣಿಗೇ ಕಾಣುತ್ತದೆ.

ವಾರದ ಓದು

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಲಾಸಿಗೆ ಹೋಗುವ ಮೊದಲು ಪಾಠದ ಚಿತ್ರ, ಗ್ರಾಫು ನೋಡಿ ಹೋಗಿ. ಕ್ಲಾಸಿನಲ್ಲಿ ಮಾಡಿದ ಉದಾಹರಣೆಯನ್ನು ಅದೇ ರಾತ್ರಿ ಪುಸ್ತಕ ಮುಚ್ಚಿ ಮತ್ತೆ ಮಾಡಿ. ‘ಅರ್ಥ ಆಗಿತ್ತಲ್ಲ’ ಅನ್ನುವುದು ಎಲ್ಲಿ ನಿಲ್ಲುತ್ತದೆ ಅಂತ ಆಗ ಗೊತ್ತಾಗುತ್ತದೆ. ನಿಂತ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಮರುದಿನ ಅದನ್ನೇ ಕೇಳಿ. ‘ಸರ್, ಏನೂ ಅರ್ಥ ಆಗಲಿಲ್ಲ’ ಅಂದರೆ ಯಾರೂ ಏನೂ ಮಾಡಲಾರರು. ‘ಮೂರನೇ ಸಾಲಿನಲ್ಲಿ ಕಾಸ್ ಯಾಕೆ ಬಂತು’ ಅಂದರೆ ಎರಡು ನಿಮಿಷದ ಕೆಲಸ.

ಮಾಜಾಳಿಯಿಂದಲೋ ಅಮದಳ್ಳಿಯಿಂದಲೋ ಬಸ್ಸಿನಲ್ಲಿ ಓಡಾಡುವವರು ಆ ಹೊತ್ತಿನಲ್ಲಿ ಲೆಕ್ಕ ಮಾಡಲು ಹೋಗಬೇಡಿ. ಅಂಕಿ ಇಲ್ಲದ ಪ್ರಶ್ನೆ ಯೋಚಿಸಿ. ಸಮುದ್ರದಿಂದ ಕಾಳಿ ನದಿಯ ಒಳಗೆ ಬಂದ ದೋಣಿ ಸ್ವಲ್ಪ ಕೆಳಗೆ ಕೂರುತ್ತದೋ ಮೇಲೆ ಏಳುತ್ತದೋ? ಕೆಳಗೆ ಕೂರುತ್ತದೆ. ಉಪ್ಪುನೀರು ಲೀಟರಿಗೆ ಸುಮಾರು 1.025 ಕಿಲೋ, ಸಿಹಿನೀರು 1 ಕಿಲೋ. ಅದೇ ದೋಣಿಯನ್ನು ಹೊರಲು ಸಿಹಿನೀರು ನೂರಕ್ಕೆ ಎರಡೂವರೆಯಷ್ಟು ಜಾಸ್ತಿ ಜಾಗ ಬಿಡಬೇಕು. ಹಾಗಾದರೆ ಸಾಣಿಕಟ್ಟಾದ ಉಪ್ಪಿನ ಗದ್ದೆಯ ಗಟ್ಟಿ ನೀರಿನಲ್ಲಿ? ಉತ್ತರ ನಿಮಗೆ ಬಿಟ್ಟೆ.

ಓದಲು ಪುಸ್ತಕ ಬೇಕು ಅನ್ನುವವರಿಗೆ ಓಪನ್‌ಸ್ಟ್ಯಾಕ್ಸ್ ಸಂಸ್ಥೆಯ ಬೀಜಗಣಿತದ ಫಿಸಿಕ್ಸ್ ಪುಸ್ತಕ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಇಂಗ್ಲಿಷಿನಲ್ಲಿ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳೂ ಪುಕ್ಕಟೆ, ಕೆಲವು ಕನ್ನಡದಲ್ಲೂ ಇವೆ. ಸರ್ಕಿಟ್ಟಿನದ್ದು ಒಮ್ಮೆ ಆಡಿ ನೋಡಿ.

ಮೂರನೇ ಹಂತ: ಲ್ಯಾಬು

ಲ್ಯಾಬನ್ನು ಸುಲಭದ ಮಾರ್ಕು ಅಂದುಕೊಂಡವರೇ ಜಾಸ್ತಿ. ಹಳೆಯ ರೆಕಾರ್ಡು ತಂದು ಇಳಿಸಿದರೆ ಆಯಿತು ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಹೊರದೇಶಕ್ಕೆ ಹೋಗುವವರಿಗಂತೂ ಮೊದಲೇ ಹೇಳುತ್ತೇನೆ: ಅಲ್ಲಿ ರೀಡಿಂಗ್ ಕಟ್ಟಿ ಬರೆಯುವುದು ನಕಲು ಹೊಡೆದಷ್ಟೇ ದೊಡ್ಡ ಅಪರಾಧ. ಕೋರ್ಸಿನಿಂದ ಹೊರಗೆ ಹಾಕಿದರೂ ಹಾಕಿದರೇ.

ಹೋಗುವ ಮೊದಲು ಪ್ರಯೋಗದ ಸೂತ್ರ ಬರೆದು, ಪ್ರತಿ ಅಕ್ಷರದ ಮುಂದೆ ‘ಇದನ್ನು ಯಾವುದರಿಂದ ಅಳೆಯುತ್ತೇನೆ’ ಅಂತ ಬರೆಯಿರಿ. ಲೋಲಕಕ್ಕೆ ಜಿ = 4 ಪೈ² ಎಲ್ / ಟಿ². ಎಲ್ ಅಂದರೆ ಲೋಲಕದ ಉದ್ದ, ಟಿ ಅಂದರೆ ಒಮ್ಮೆ ಹೋಗಿ ಬರಲು ಹಿಡಿಯುವ ಹೊತ್ತು. ಎಲ್‌ಗೆ ಮೀಟರ್ ಸ್ಕೇಲು, ಟಿಗೆ ಸ್ಟಾಪ್‌ವಾಚ್, ಗುಂಡಿನ ವ್ಯಾಸಕ್ಕೆ ವರ್ನಿಯರ್. ಟೇಬಲ್ಲಿನ ಗೆರೆಗಳನ್ನು ಮನೆಯಲ್ಲೇ ಹಾಕಿಕೊಂಡು ಬನ್ನಿ. ಲ್ಯಾಬಿನ ಹೊತ್ತು ಗೆರೆ ಹೊಡೆಯಲು ಅಲ್ಲ.

ಉಪಕರಣ ಕೈಗೆ ಬಂದ ಕೂಡಲೇ ಎರಡು ವಿಷಯ ನೋಡಿ: ಲೀಸ್ಟ್ ಕೌಂಟ್ (ಅದು ಓದಬಲ್ಲ ಅತಿ ಸಣ್ಣ ಅಳತೆ), ಝೀರೋ ಎರರ್ (ಸೊನ್ನೆ ತೋರಿಸಬೇಕಾದಲ್ಲಿ ಬೇರೆ ತೋರಿಸುವುದು). ಸಾಮಾನ್ಯ ವರ್ನಿಯರ್ 0.01 ಸೆಂಟಿಮೀಟರ್ ತನಕ ಓದುತ್ತದೆ, ಸ್ಕ್ರೂಗೇಜು 0.01 ಮಿಲಿಮೀಟರ್ ತನಕ. ಸ್ಕ್ರೂಗೇಜನ್ನು ಪೂರ್ತಿ ಮುಚ್ಚಿದಾಗಲೇ ಅದು 0.03 ತೋರಿಸುತ್ತಿದ್ದರೆ ಪ್ರತಿ ರೀಡಿಂಗಿನಿಂದ ಅಷ್ಟನ್ನು ಕಳೆಯಬೇಕು. ಇಷ್ಟು ಸಣ್ಣದಕ್ಕೆ ಏನಾಗುತ್ತದೆ ಅನ್ನುತ್ತೀರಾ? ತಂತಿಯ ನಿಜವಾದ ವ್ಯಾಸ 0.42 ಮಿಲಿಮೀಟರ್, ನೀವು ಕಳೆಯದೆ 0.45 ಬರೆದಿರಿ ಅನ್ನಿ. ಕ್ಷೇತ್ರಫಲದಲ್ಲಿ ವ್ಯಾಸದ ವರ್ಗ ಬರುತ್ತದೆ. ಉತ್ತರ ನೂರಕ್ಕೆ 15ರಷ್ಟು ಹಾಳಾಯಿತು. ವರ್ಗ ಆಗುವ ಅಳತೆ ಯಾವುದೋ ಅದಕ್ಕೆ ಎರಡು ಪಟ್ಟು ಹುಷಾರು.

ಈಗ ನನ್ನ 10.8ಕ್ಕೆ ಬರುತ್ತೇನೆ. ಮರುವಾರ ಸರ್ ನನ್ನನ್ನು ಅದೇ ಟೇಬಲ್ಲಿಗೆ ಕರೆದು, ‘ಮಾಡು, ನಾ ನೋಡ್ತೆ’ ಅಂದರು. ನಾನು ಗುಂಡು ಬಿಟ್ಟೆ, ವಾಚು ಒತ್ತಿದೆ, ‘ಒಂದು’ ಅಂದೆ. ಅವರು ಅಲ್ಲೇ ನಿಲ್ಲಿಸಿದರು. ‘ಒಂದು ಎಲ್ಲಿ ಆಯ್ತು? ಅದು ಹೋಗಿ ಬರಲಿಲ್ಲವಲ್ಲ ಇನ್ನೂ!’

ಅಷ್ಟೇ ವಿಷಯ. ವಾಚು ಒತ್ತುವಾಗ ‘ಸೊನ್ನೆ’ ಅನ್ನಬೇಕು. ನಾನು ‘ಒಂದು’ ಅಂದು ಶುರು ಮಾಡಿ ‘ಇಪ್ಪತ್ತು’ ಅಂದಾಗ ನಿಲ್ಲಿಸಿದ್ದೆ. ಆದದ್ದು ಹತ್ತೊಂಬತ್ತೇ ಆಂದೋಲನ. ಒಂದು ಮೀಟರ್ ಲೋಲಕಕ್ಕೆ ಇಪ್ಪತ್ತು ಆಂದೋಲನ 40.2 ಸೆಕೆಂಡು. ನನ್ನ ವಾಚು ತೋರಿಸಿದ್ದು 38.2. ಅದನ್ನು ಇಪ್ಪತ್ತರಿಂದ ಭಾಗಿಸಿದೆ, 1.91 ಬಂತು. ಜಿ 10.8 ಆಯಿತು. ನನ್ನ ರೀಡಿಂಗ್ ಸುಳ್ಳಾಗಿರಲಿಲ್ಲ, ಎಣಿಕೆ ತಪ್ಪಾಗಿತ್ತು. ಬ್ಲೇಡು ತೆಗೆದುಕೊಳ್ಳದೆ 10.8 ಅಂತಲೇ ತೋರಿಸಿದ್ದರೆ ಸರ್ ಅವತ್ತೇ ಹಿಡಿಯುತ್ತಿದ್ದರು. ‘10.8 ಬಂತಾ? ಒಂದರಿಂದ ಎಣಿಸಿದ್ಯಾ?’ ಅಂತ ಈಗ ನಾನೇ ದೂರದಿಂದ ಹೇಳುತ್ತೇನೆ.

ಲೋಲಕದಲ್ಲಿ ಎಡವುವ ಜಾಗ ಇನ್ನೆರಡಿವೆ. ಜಾಸ್ತಿ ಎಳೆದು ಬಿಡುವುದು ಒಂದು. 30 ಡಿಗ್ರಿ ಎಳೆದರೆ ಟಿ ನೂರಕ್ಕೆ 1.7ರಷ್ಟು ಉದ್ದವಾಗುತ್ತದೆ. ಹತ್ತು ಡಿಗ್ರಿಯ ಒಳಗಿರಲಿ. ಇನ್ನೊಂದು, ದಾರವನ್ನು ಮಾತ್ರ ಅಳೆದು ಗುಂಡಿನ ತ್ರಿಜ್ಯ ಕೂಡಿಸಲು ಮರೆಯುವುದು. ಉದ್ದವನ್ನು ಗುಂಡಿನ ನಡುವಿನ ತನಕ ಹಿಡಿಯಬೇಕು.

ಗ್ರಾಫಿನ ಮಜಾ ಇಲ್ಲೇ ಇರುವುದು. ಐದಾರು ಬೇರೆ ಬೇರೆ ಉದ್ದಕ್ಕೆ ಟಿ ಕಂಡುಹಿಡಿದು, ಅಡ್ಡಕ್ಕೆ ಉದ್ದ, ನೆಟ್ಟಗೆ ಟಿಯ ವರ್ಗ ಹಾಕಿ. ನೇರ ಗೆರೆ ಬರುತ್ತದೆ. ಅದರ ಸ್ಲೋಪು 4 ಪೈ²/ಜಿ, ನಮ್ಮೂರಲ್ಲಿ ಸುಮಾರು 4.04. ನೀವು ತ್ರಿಜ್ಯ ಮರೆತಿದ್ದರೂ ಸ್ಲೋಪು ಬದಲಾಗುವುದಿಲ್ಲ, ಎಲ್ಲ ಚುಕ್ಕಿಗಳೂ ಒಂದೇ ಅಳತೆಯಷ್ಟು ಪಕ್ಕಕ್ಕೆ ಸರಿದಿರುತ್ತವೆ, ಅಷ್ಟೇ. ಗೆರೆಯನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ. ಅದು ಅಡ್ಡ ಅಕ್ಷವನ್ನು ಸೊನ್ನೆಯಲ್ಲಿ ಮುಟ್ಟದೆ ಒಂದೂಕಾಲು ಸೆಂಟಿಮೀಟರ್ ಎಡಕ್ಕೆ ಮುಟ್ಟಿದರೆ, ನಿಮ್ಮ ಗುಂಡಿನ ತ್ರಿಜ್ಯ ಒಂದೂಕಾಲು ಸೆಂಟಿಮೀಟರ್! ನೀವು ಮರೆತದ್ದನ್ನು ಗ್ರಾಫು ನೆನಪಿಟ್ಟುಕೊಂಡಿದೆ. ಮೊದಲ ಸಲ ಇದನ್ನು ನೋಡಿದಾಗ ನಾನು ವರ್ನಿಯರ್ ತಂದು ಗುಂಡನ್ನು ಅಳೆದು ನೋಡಿದ್ದೆ.

ಗೆರೆ ಹಾಕುವಾಗ ಚುಕ್ಕಿಯಿಂದ ಚುಕ್ಕಿಗೆ ರಂಗೋಲಿ ಎಳೆಯಬೇಡಿ. ನಡುವೆ ಹೋಗುವ ಒಂದೇ ನೇರ ಗೆರೆ. ಸ್ಲೋಪಿಗೆ ಗೆರೆಯ ಮೇಲಿನ ಎರಡು ದೂರದ ಜಾಗ ಆರಿಸಿ, ನಿಮ್ಮ ರೀಡಿಂಗಿನ ಚುಕ್ಕಿಗಳನ್ನಲ್ಲ. ಸ್ಕೇಲು 1, 2, 5ರ ಲೆಕ್ಕದಲ್ಲಿರಲಿ. 3ರ ಸ್ಕೇಲು ಹಾಕಿದವರು ಸಂಜೆ ತನಕ ಚೌಕ ಎಣಿಸುತ್ತ ಕೂರುತ್ತಾರೆ.

ಆಮೇಲೆ ಎರರ್. ಈ ಪದಕ್ಕೆ ‘ತಪ್ಪು’ ಅನ್ನಬೇಡಿ. ಲ್ಯಾಬಿನಲ್ಲಿ ಅದಕ್ಕೆ ‘ಎಷ್ಟರ ಮಟ್ಟಿಗೆ ಗೊತ್ತಿಲ್ಲ’ ಅಂತ ಅರ್ಥ. ವಾಚು ಒತ್ತುವ ಬೆರಳಿಗೆ 0.2 ಸೆಕೆಂಡಿನ ಹಿಂದುಮುಂದು ಇದೆ ಅಂದುಕೊಳ್ಳಿ. ಒಂದೇ ಆಂದೋಲನ ಅಳೆದರೆ 2 ಸೆಕೆಂಡಿನಲ್ಲಿ 0.2, ನೂರಕ್ಕೆ 10. ಇಪ್ಪತ್ತು ಅಳೆದರೆ 40 ಸೆಕೆಂಡಿನಲ್ಲಿ ಅದೇ 0.2, ನೂರಕ್ಕೆ ಅರ್ಧ. ಇಪ್ಪತ್ತು ಎಣಿಸುವುದು ಅದಕ್ಕೇ. ಸೂತ್ರದಲ್ಲಿ ಟಿಯ ವರ್ಗ ಇರುವುದರಿಂದ ಅರ್ಧ ಎರಡು ಪಟ್ಟಾಗಿ ಒಂದು ಆಗುತ್ತದೆ. ಉದ್ದದ ಎರರ್ ಅದರ ಮುಂದೆ ಲೆಕ್ಕಕ್ಕಿಲ್ಲ. ಉತ್ತರ 9.77 ಬಂದರೆ ಅದರ ನೂರಕ್ಕೊಂದು, ಅಂದರೆ 0.1. ಬರೆಯಬೇಕಾದದ್ದು: 9.8, ಹೆಚ್ಚುಕಡಿಮೆ 0.1.

ಹಾಗಾದರೆ 9.78 ಸರಿಯೋ 9.81 ಸರಿಯೋ ಅಂತ ಈ ಲೋಲಕಕ್ಕೆ ಹೇಳಲು ಬರುವುದೇ ಇಲ್ಲ! ಹೌದು. ಕ್ಯಾಲ್ಕುಲೇಟರ್ ಕೊಟ್ಟ 9.7718 ಅನ್ನು ಹಾಗೇ ಇಳಿಸಿದರೆ ನಿಮಗೆ ಗೊತ್ತಿಲ್ಲದ್ದನ್ನು ಗೊತ್ತು ಅಂದ ಹಾಗೆ. ಶಿರಸಿ ಸಮುದ್ರಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ಅಲ್ಲಿ ಜಿ ಕಾರವಾರಕ್ಕಿಂತ 0.002ರಷ್ಟು ಕಡಿಮೆ ಇರಬೇಕು. ದಾರ, ಗುಂಡು ಹಿಡಿದು ಘಟ್ಟ ಹತ್ತಿದರೆ ಅದು ಸಿಕ್ಕುವುದಿಲ್ಲ.

ಕರಾವಳಿಯ ಲ್ಯಾಬಿನ ಕೆಲವು ಗುಟ್ಟು

ಉಪ್ಪುಗಾಳಿ ಲೋಹವನ್ನು ಬಿಡುವುದಿಲ್ಲ. ಜೂನ್ ಕಳೆದ ಮೇಲೆ ಹಿತ್ತಾಳೆಯ ಟರ್ಮಿನಲ್ಲು, ಪ್ಲಗ್ ಕೀ, ತಂತಿಯ ತುದಿ ಎಲ್ಲ ಕಪ್ಪಾಗಿರುತ್ತವೆ. ಓಮನ ನಿಯಮದ ಪ್ರಯೋಗದಲ್ಲಿ ಅಮ್ಮೀಟರ್ ಮುಳ್ಳು ಸುಮ್ಮಸುಮ್ಮನೆ ಕುಣಿದರೆ ಮೀಟರನ್ನು ಬೈಯುವ ಮೊದಲು ಸರ್ಕಿಟ್ಟು ಬಿಚ್ಚಿ, ತಂತಿಯ ತುದಿಗಳನ್ನು ಮರಳು ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿಯಾಗಿ ಕಟ್ಟಿ. ಮೀಟರ್ ಬ್ರಿಜ್ಜಿನಲ್ಲೂ ಹಾಗೇ. ಅಲ್ಲಿ ತಂತಿಯ ಮೇಲೆ ಜಾಕಿಯನ್ನು (ತಂತಿಗೆ ಮುಟ್ಟಿಸುವ ಲೋಹದ ತುದಿಯನ್ನು) ಒತ್ತಿ ಎಳೆಯಬೇಡಿ, ಎತ್ತಿ ಎತ್ತಿ ಮುಟ್ಟಿಸಿ.

ಅನುನಾದ ಕೊಳವೆಯಲ್ಲಿ (ಯಾವ ಉದ್ದಕ್ಕೆ ಫೋರ್ಕಿನ ಶಬ್ದ ಒಮ್ಮೆಲೇ ಜೋರಾಗುತ್ತದೆ ಅಂತ ಹುಡುಕುವ ಕೊಳವೆ) ಶಬ್ದದ ವೇಗ ಅಳೆಯುವಾಗ ಲ್ಯಾಬಿನ ಥರ್ಮಾಮೀಟರ್ ನೋಡಿ ಬರೆಯಿರಿ. ಪುಸ್ತಕದ ‘ಸೆಕೆಂಡಿಗೆ 331 ಮೀಟರ್’ ಸೊನ್ನೆ ಡಿಗ್ರಿಯದ್ದು. ಡಿಗ್ರಿಗೆ 0.6ರಂತೆ ಏರುತ್ತದೆ. ನಮ್ಮ 30 ಡಿಗ್ರಿ ಸೆಕೆಗೆ 349. 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕಿಗೆ ಮೊದಲನೆಯ ಮತ್ತು ಎರಡನೆಯ ಅನುನಾದದ ನಡುವೆ 34 ಸೆಂಟಿಮೀಟರ್ ಹತ್ತಿರ ಬರಬೇಕು. ಹೊರಗೆ ಹಂಚಿನ ಮೇಲೆ ಮಳೆ ಹೊಡೆಯುತ್ತಿದ್ದರೆ ಅನುನಾದ ಕೇಳಿಸುವುದಿಲ್ಲ. ಅವತ್ತು ಲೆನ್ಸಿನ ಪ್ರಯೋಗಕ್ಕೆ ಬದಲಾಯಿಸಿಕೊಡಿ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಮಳೆಗೆ ರಜೆ ಕೊಟ್ಟ ದಿನ ತಪ್ಪಿದ ಲ್ಯಾಬನ್ನು ಮರುವಾರವೇ ಕೇಳಿ ಮಾಡಿಕೊಳ್ಳಿ. ಸೆಮಿಸ್ಟರ್ ಕೊನೆಗೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಉಪಕರಣ ಇರುವುದು ಮೂರೋ ನಾಲ್ಕೋ.

ಜೋಡಿಯಲ್ಲಿ ಮಾಡುವಾಗ ಒಬ್ಬರೇ ಯಾವಾಗಲೂ ಬರೆಯುವವರಾಗಬೇಡಿ. ನಮ್ಮ ಕಡೆ ಹುಡುಗಿಯರ ಅಕ್ಷರ ಚೆಂದ ಅಂತ ಅವರ ಕೈಗೆ ಪುಸ್ತಕ ಕೊಟ್ಟು ಹುಡುಗರು ಸ್ಕ್ರೂ ತಿರುಗಿಸುತ್ತಾರೆ. ಪರೀಕ್ಷೆಯ ದಿನ ಸ್ಕ್ರೂಗೇಜು ಇಬ್ಬರ ಕೈಗೂ ಬೇರೆ ಬೇರೆ ಬರುತ್ತದೆ. ಪ್ರತಿ ರೀಡಿಂಗಿಗೂ ಕೈ ಬದಲಾಯಿಸಿ.

ಪರೀಕ್ಷೆ, ವೈವಾ

ಥಿಯರಿ ಪರೀಕ್ಷೆಯಲ್ಲಿ ಹೆಜ್ಜೆಗೆ ಮಾರ್ಕು ಇದೆ. ಚಿತ್ರ, ಅಕ್ಷರದ ಸಮೀಕರಣ, ಆಮೇಲೆ ಅಂಕಿ, ಯೂನಿಟ್. ಅಂಕಿ ತಪ್ಪಿದರೂ ಮೇಲಿನದ್ದು ಉಳಿಯುತ್ತದೆ. ಅಮೆರಿಕದ ಕೋರ್ಸುಗಳಲ್ಲಿ ಎಷ್ಟೋ ಕಡೆ ಸೂತ್ರದ ಹಾಳೆ ಕೊಡುತ್ತಾರೆ. ಹಾಗಾಗಿ ಸೂತ್ರ ಬಾಯಿಪಾಠ ಮಾಡುವ ಬದಲು ಪ್ರತಿ ಸೂತ್ರ ಯಾವಾಗ ನಡೆಯುವುದಿಲ್ಲ ಅಂತ ತಿಳಿದಿಟ್ಟುಕೊಳ್ಳಿ. ವಿ = ಯು + ಎ ಟಿ ಎಲ್ಲ ಕಡೆ ನಡೆಯುತ್ತದೆ ಅಂದುಕೊಳ್ಳುವವರು ಬಹಳ. ವೇಗೋತ್ಕರ್ಷ ಬದಲಾಗದೆ ಇದ್ದರೆ ಮಾತ್ರ ಅದು ನಡೆಯುವುದು.

ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಮೊದಲ ಪ್ರಶ್ನೆ ಹೆಚ್ಚಾಗಿ ನಿಮ್ಮ ಮುಂದಿರುವ ಉಪಕರಣದ ಬಗ್ಗೆಯೇ: ಲೀಸ್ಟ್ ಕೌಂಟ್ ಎಷ್ಟು, ಇದನ್ನು ಯಾಕೆ ಇಷ್ಟು ಸಲ ಅಳೆದೆ, ಎರರ್ ಎಲ್ಲಿಂದ ಜಾಸ್ತಿ ಬಂತು. ಉತ್ತರ ಗೊತ್ತಿಲ್ಲದಿದ್ದರೆ ಸುತ್ತಿ ಬಳಸಿ ಹೇಳಬೇಡಿ. ‘ಗೊತ್ತಿಲ್ಲ ಸರ್, ಆದರೆ ಹೀಗಿರಬಹುದು’ ಅಂದರೆ ಮುಂದೆ ಅವರೇ ಎಳೆದುಕೊಂಡು ಹೋಗುತ್ತಾರೆ. ಉಪಕರಣ ಕೆಟ್ಟಿದೆ ಅನ್ನಿಸಿದರೆ ಮೊದಲ ಹತ್ತು ನಿಮಿಷದಲ್ಲೇ ಹೇಳಿ. ಉತ್ತರ ತಪ್ಪು ಬಂದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ತಪ್ಪು ಬರೆದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಹಳೆಯದು ಕಾಣುವಂತೆ. ಎರಡು ಪೆನ್ಸಿಲ್, ರಬ್ಬರು, ಅಡಿಪಟ್ಟಿ, ಕ್ಯಾಲ್ಕುಲೇಟರ್ ತಗೊಂಡು ಹೋಗಿ. ಬ್ಲೇಡು ಬೇಡ.